ಅಮೆರಿಕಾದ ಮೋಟಾರು ಸೈಕಲ್ ಸವಾರರೂ ತಪಾಸಣೆಯ ಕಟ್ಟೆಯೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕಟ್ಟಿದವರು ದಾರಿ ನಡೆದು ಬಲ್ಲವರಾಗಿದ್ದಿರಬೇಕು. ಎತ್ತಿನ ಮೇಲೆ ಹೇರನ್ನು ಹೊರಿಸಿಕೊಂಡು ಊರಿಂದೂರಿಗೆ ಹೋಗುತ್ತಿದ್ದ ವರ್ತಕರು ಕಟ್ಟೆಕಟ್ಟೆಯಲ್ಲಿಯೂ ನಿಂತು, ಸುಂಕವನ್ನು ತೆತ್ತು ಮುಂದುವರಿಯುತ್ತಿದ್ದ ಸಂಗತಿ ನಮ್ಮ ನಾಡಿನ ಶಾಸನಗಳಿಂದ ವ್ಯಕ್ತವಾಗುತ್ತದೆ. ಪೆರ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರುಗಳು ಚಾಲುಕ್ಯರ ಕಾಲದ ದತ್ತಿಶಾಸನಗಳಲ್ಲಿ ಅನೇಕ ಕಡೆ ದೊರೆಯುತ್ತವೆ. ಕಟ್ಟೆಯ ಮುಂದೆ ನಿಂತವನಿಗೆ ಬೇರೆ ಯಾವ ಸುಖವೂ ಇಲ್ಲದಿದ್ದರೂ ಒಂದು ಸಮಾಧಾನ ಮಾತ್ರ ಇರುತ್ತಿತ್ತು. ತನ್ನ ಹಿಂದೆ ಬರತಕ್ಕ ಹೇರೂ ಅಲ್ಲಿಯೇ ನಿಲ್ಲಬೇಕು. ಯಾರಿಗಾದರೂ ಸುಂಕವನ್ನು ಮನ್ನಿಸಿದರೆ ಆ ಮಾತನ್ನು ಕಲ್ಲಿನಲ್ಲಿ ಕೊರೆಯಿಸಿ ಹತ್ತು ಜನರಿಗೆ ತಿಳಿಯಪಡಿಸುತ್ತಿದ್ದುದೂ ಉಂಟು.

ಕಟ್ಟೆಯವನು ಬಂಡಿಗಳನ್ನೆಲ್ಲ ಕೈಬೀಸಿ ಮುಂದಕ್ಕೆ ಬಿಟ್ಟು, ಕುದುರೆಯೇರಿ ಬಂದವರನ್ನು ಮಾತ್ರ ತಡೆದು ನಿಲ್ಲಿಸಿದರೆ ಆಗ ಏನು ಹೇಳೋಣ? ಕುದುರೆಯ ಸವಾರನು ಯಾವ ತಪ್ಪನ್ನೂ ಮಾಡಿದವನಲ್ಲ; ಅವನ ಮೇಲೆ ಯಾವ ಗುಮಾನಿಯೂ ಇಲ್ಲ; ಅವನು ಏರಿದ ವಾಹನವೇ ಅವನನ್ನು ನಿಲ್ಲಿಸುವುದಕ್ಕೆ ಕಾರಣ. ಈ ಪ್ರಶ್ನೆ ಕೇವಲ ತರ್ಕದ ವಿನೋದಕ್ಕಾಗಿ ಕಲ್ಪಿಸಿದುದಲ್ಲ. ಉತ್ತರ ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ 2007ನೆಯ ಇಸವಿಯ ಸುಮಾರಿಗೆ ಹುಟ್ಟಿ, 2015ನೆಯ ಇಸವಿಯವರೆಗೆ ಕಾವೇರಿಸಿದ ಒಂದು ವಿವಾದದ ತಿರುಳೇ ಇದು. ಆ ವಿವಾದದಲ್ಲಿ ಮೋಟಾರು ಸೈಕಲ್ ಸವಾರರು ನ್ಯಾಯಸ್ಥಾನದಲ್ಲಿ ಸೋತರು, ಶಾಸನಸಭೆಯಲ್ಲಿ ಗೆದ್ದರು. ಅವರ ಸೋಲುಗೆಲುವುಗಳ ಚರಿತ್ರೆ ನಮ್ಮಂತಹ ದೂರದ ದೇಶದವರಿಗೂ ಬೋಧಪ್ರದವಾಗಿರುವುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮೊದಲು ನಡೆದ ಸಂಗತಿ ಏನೆಂಬುದನ್ನು ಹೇಳಬೇಕು. 2007-08ರ ವೇಳೆಗೆ ನ್ಯೂಯಾರ್ಕ್ ಸಂಸ್ಥಾನದ ಪೋಲೀಸರು ಹೆದ್ದಾರಿಗಳಲ್ಲಿ ಒಂದು ಹೊಸ ಬಗೆಯ ತಪಾಸಣೆಯ ಕಟ್ಟೆಗಳನ್ನು ಏರ್ಪಡಿಸಿದರು. ಅಲ್ಲಿ ಕಾರುಗಳೂ ಲಾರಿಗಳೂ ತಡೆಯಿಲ್ಲದೆ ಮುಂದಕ್ಕೆ ಹೋಗುತ್ತಿದ್ದುವು; ಮೋಟಾರು ಸೈಕಲ್ಲುಗಳನ್ನು ಮಾತ್ರ ದಾರಿಯಿಂದ ಪಕ್ಕಕ್ಕೆ ತಿರುಗಿಸಿ, ಸವಾರನ ಶಿರಸ್ತ್ರಾಣವು ಸರ್ಕಾರದ ಪ್ರಮಾಣಕ್ಕೆ ಸರಿಯಾಗಿರುವುದೋ ಇಲ್ಲವೋ, ಹೊಗೆಕೊಳವೆ ಮಿತಿಮೀರಿ ಸದ್ದು ಮಾಡುತ್ತದೆಯೋ, ಲೈಸೆನ್ಸು ಕ್ರಮವಾಗಿದೆಯೋ ಎಂಬುದನ್ನು ಪರೀಕ್ಷಿಸುತ್ತಿದ್ದರು. ಮುಂದೆ ಈ ಪದ್ಧತಿಗೆ ಸಂಯುಕ್ತ ಸರ್ಕಾರದ ಬೆಂಬಲವೂ ದೊರೆಯಿತು. ದಾರಿಯ ಸುರಕ್ಷಿತತೆಯನ್ನು ನೋಡಿಕೊಳ್ಳತಕ್ಕ ಅಲ್ಲಿಯ ರಾಷ್ಟ್ರೀಯ ಇಲಾಖೆಯವರು ಇಂತಹ ಕಟ್ಟೆಗಳನ್ನು ನಡೆಯಿಸುವ ಸಂಸ್ಥಾನಗಳಿಗೆ ಹಣ ಸಹಾಯ ಮಾಡುವ ಯೋಜನೆಯನ್ನು ಕೈಕೊಂಡರು. ಜಾರ್ಜಿಯ ಸಂಸ್ಥಾನಕ್ಕೆ 70,000 ಡಾಲರು ಸಂದಿತು.

ಜಾರ್ಜಿಯದವರು ಆ ಹಣವನ್ನು ವೆಚ್ಚ ಮಾಡಿದ ಸಮಯವೂ ಸ್ಥಳವೂ ಗಮನಿಸತಕ್ಕವು. ಪ್ರತಿವರ್ಷವೂ ಮಾರ್ಚ್ ತಿಂಗಳಿನಲ್ಲಿ ಫ್ಲಾರಿಡ ಸಂಸ್ಥಾನದ ಡೇಟೋನ ಎಂಬ ಕಡಲತೀರದ ಊರಿನಲ್ಲಿ ಮೋಟಾರು ಸೈಕಲ್ ಸವಾರರ ದೊಡ್ಡ ಜಾತ್ರೆ ಸೇರುತ್ತದೆ. ಉತ್ತರದ ಸಂಸ್ಥಾನಗಳಿಂದ ಅಲ್ಲಿಗೆ ಹೋಗುವವರಲ್ಲಿ ಅನೇಕರು ಜಾರ್ಜಿಯದ ಮೇಲೆ ಹಾದುಹೋಗಬೇಕು. 2011ನೆಯ ಇಸವಿಯ ಮಾರ್ಚಿಯಲ್ಲಿ ಆ ಯಾತ್ರಿಕರು ಸಾಲುಸಾಲಾಗಿ ಹೋಗುತ್ತಿದ್ದ ಹೆದ್ದಾರಿಯಲ್ಲಿ ಕಟ್ಟೆ ನಿಂತಿತು. ನಮ್ಮಲ್ಲಿ ಧರ್ಮಸ್ಥಳಕ್ಕೋ ಶಿರಸಿಯ ಜಾತ್ರೆಗೋ ಹೋಗುವವರನ್ನು ಮಾತ್ರ ದಾರಿಯಲ್ಲಿ ನಿಲ್ಲಿಸಿ, ಅದೇ ದಾರಿಯಲ್ಲಿ ಸಂತೆಗೆ ಹೋಗುವವರನ್ನು ಬಿಟ್ಟರೆ ಜನರ ಮನಸ್ಸಿಗೆ ಹೇಗಾದೀತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಈ ಅಸಮಾಧಾನದ ಬೇರು ಬಹಳ ಆಳದಲ್ಲಿದೆ. ಅಮೆರಿಕಾದವರು ಇನ್ನೂ ಇಂಗ್ಲೆಂಡಿನ ದೊರೆಯ ಪ್ರಜೆಗಳಾಗಿದ್ದ ಕಾಲದಲ್ಲಿ, ಸುಂಕದ ಅಧಿಕಾರಿಗಳು ಒಂದು ಸಾಮಾನ್ಯ ಆಜ್ಞಾಪತ್ರವನ್ನು ಕೈಯಲ್ಲಿ ಹಿಡಿದು ಯಾರ ಮನೆಯನ್ನಾಗಲಿ ಮಳಿಗೆಯನ್ನಾಗಲಿ ಹೊಕ್ಕು ಶೋಧಿಸಬಹುದಾಗಿತ್ತು. ಇಂಥವನ ಮೇಲೆ ಇಂಥ ಅನುಮಾನವೆಂದು ಅದರಲ್ಲಿ ಬರೆಯಬೇಕಾದ ಅಗತ್ಯವಿರಲಿಲ್ಲ. 1761ರಲ್ಲಿ ಬಾಸ್ಟನ್ ನಗರದ ನ್ಯಾಯಸ್ಥಾನದಲ್ಲಿ ಜೇಮ್ಸ್ ಓಟಿಸ್ ಎಂಬ ವಕೀಲನು ಈ ಪತ್ರಗಳ ವಿರುದ್ಧವಾಗಿ ಗಂಟೆಗಟ್ಟಲೆ ವಾದಿಸಿದನು. ಮುಂದೆ ರಾಷ್ಟ್ರಾಧ್ಯಕ್ಷನಾದ ಜಾನ್ ಆಡಮ್ಸ್ ಆಗ ತರುಣನಾಗಿದ್ದು ಅಲ್ಲಿ ಕುಳಿತು ಆ ವಾದವನ್ನು ಕೇಳಿದನು. ಓಟಿಸನು ಆ ವ್ಯಾಜ್ಯದಲ್ಲಿ ಸೋತನು. ಆದರೆ ಅವನು ಎತ್ತಿದ ಮಾತು ಜನರ ಮನಸ್ಸಿನಲ್ಲಿ ನಿಂತು, 30 ವರ್ಷಗಳ ತರುವಾಯ, 1791ರಲ್ಲಿ, ಸ್ವತಂತ್ರವಾದ ಆ ದೇಶದ ರಾಜ್ಯಾಂಗಕ್ಕೆ ನಾಲ್ಕನೆಯ ತಿದ್ದುಪಡಿಯಾಗಿ ಸೇರಿತು. ಯುಕ್ತವಾದ ಕಾರಣವಿಲ್ಲದೆ ಪ್ರಜೆಯ ದೇಹವನ್ನಾಗಲಿ, ಮನೆಯನ್ನಾಗಲಿ, ಕಾಗದಪತ್ರಗಳನ್ನಾಗಲಿ ಶೋಧಿಸಕೂಡದೆಂಬುದೂ, ಶೋಧನೆಯ ಆಜ್ಞೆಯಲ್ಲಿ ಸ್ಥಳವನ್ನೂ ವಸ್ತುವನ್ನೂ ಸ್ಪಷ್ಟವಾಗಿ ಹೇಳಿರಬೇಕೆಂಬುದೂ ಅದರ ಅಭಿಪ್ರಾಯ. ನ್ಯಾಯಸ್ಥಾನದಲ್ಲಿ ಸೋತ ವಾದವು ಶಾಸನವಾಗಿ ಗೆದ್ದುದಕ್ಕೆ ಇದೊಂದು ಹಳೆಯ ನಿದರ್ಶನ. ಇದೇ ಕ್ರಮವು ಎರಡೂವರೆ ಶತಮಾನಗಳ ಮೇಲೆ ಮತ್ತೊಮ್ಮೆ ಕಾಣಿಸಿಕೊಂಡಿತು.

ಮೋಟಾರು ಗಾಡಿಗಳು ಬಂದಮೇಲೆ ಈ ತಿದ್ದುಪಡಿಯನ್ನು ಹೆದ್ದಾರಿಗೆ ಅನ್ವಯಿಸುವುದು ಹೇಗೆಂಬ ತೊಡಕು ಹುಟ್ಟಿತು. ಮನೆ ಒಂದೇ ಕಡೆ ನಿಂತಿರುತ್ತದೆ. ಗಾಡಿ ಗಳಿಗೆಯಲ್ಲಿ ಕಣ್ಮರೆಯಾಗುತ್ತದೆ. ಆದುದರಿಂದ ಗಾಡಿಯ ವಿಷಯದಲ್ಲಿ ಪೋಲೀಸರಿಗೆ ಸ್ವಲ್ಪ ಹೆಚ್ಚಿನ ಸ್ವಾತಂತ್ರ್ಯವನ್ನು ಅಲ್ಲಿಯ ಸುಪ್ರೀಂ ಕೋರ್ಟು ಒಪ್ಪಿಕೊಂಡಿತು. ಆದರೆ ಎಲ್ಲಿಯವರೆಗೆ? ಇದಕ್ಕೆ ಉತ್ತರವಾಗಿ ಮೂರು ತೀರ್ಮಾನಗಳು ಹೊರಬಿದ್ದುವು. ನಮ್ಮ ಕಥೆಯನ್ನು ತಿಳಿಯುವುದಕ್ಕೆ ಈ ಮೂರನ್ನೂ ನೆನಪಿಡುವುದು ಅವಶ್ಯಕ.

ಮೊದಲನೆಯದು 1979ರದು. ಡೆಲವೇರ್ ಸಂಸ್ಥಾನದಲ್ಲಿ ಒಬ್ಬ ಪೋಲೀಸಿನವನು ಯಾವ ನಿಯಮವನ್ನೂ ಮೀರದ ಒಂದು ಕಾರನ್ನು ಸುಮ್ಮನೆ ಲೈಸೆನ್ಸ್ ನೋಡುವ ಸಲುವಾಗಿ ನಿಲ್ಲಿಸಿದನು. ತನಗೆ ಬೇರೆ ಕೆಲಸವಿರಲಿಲ್ಲ, ಕಾರು ಕಣ್ಣಿಗೆ ಬಿತ್ತು, ನಿಲ್ಲಿಸಿದೆ ಎಂಬ ಅರ್ಥದಲ್ಲಿ ಅವನೇ ಸಾಕ್ಷ್ಯವನ್ನು ಹೇಳಿದನು. ಇದು ರಾಜ್ಯಾಂಗಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ತೀರ್ಮಾನಿಸಿದರು. ಒಬ್ಬ ಪೋಲೀಸಿನವನ ಮನಸ್ಸಿಗೆ ತೋರಿದಂತೆ ಪ್ರಜೆಯ ಪ್ರಯಾಣವು ನಿಲ್ಲಕೂಡದೆಂಬುದೇ ಇದರ ಸಾರ. ಆದರೆ ತೀರ್ಪನ್ನು ಬರೆದ ನ್ಯಾಯಾಧೀಶ ವೈಟ್ ಅವರು ಅದರೊಡನೆ ಒಂದು ದಾರಿಯನ್ನೂ ತೋರಿಸಿಕೊಟ್ಟರು: ಬರುವ ಗಾಡಿಗಳನ್ನೆಲ್ಲ ಒಂದು ಕಟ್ಟೆಯಲ್ಲಿ ನಿಲ್ಲಿಸಿ ಕೇಳುವುದಾದರೆ ಅದು ಬೇರೆಯ ಮಾತಾದೀತು. ಎಲ್ಲರನ್ನೂ ನಿಲ್ಲಿಸುವಲ್ಲಿ ಪೋಲೀಸಿನವನ ಇಷ್ಟಾನಿಷ್ಟಗಳಿಗೆ ಎಡೆಯಿಲ್ಲವಷ್ಟೆ.

ಎರಡನೆಯ ತೀರ್ಮಾನವು 1990ರದು. ಮಿಷಿಗನ್ ಸಂಸ್ಥಾನದ ಪೋಲೀಸರು ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು 1986ರಲ್ಲಿ ಸ್ಯಾಗಿನಾ ಪ್ರಾಂತದಲ್ಲಿ ಒಂದು ಕಟ್ಟೆಯನ್ನು ಹಾಕಿದ್ದರು. 75 ನಿಮಿಷಗಳಲ್ಲಿ 126 ಗಾಡಿಗಳು ಅಲ್ಲಿ ನಿಂತು ಹೋದುವು, ಪ್ರತಿಯೊಂದಕ್ಕೂ ಸರಾಸರಿ 25 ಸೆಕೆಂಡುಗಳ ಕಾಲ ತಡವಾಯಿತು, ಇಬ್ಬರು ಸೆರೆಯಾದರು. ಇಷ್ಟು ಅಲ್ಪವಾದ ತೊಂದರೆಯನ್ನು ಸಾರ್ವಜನಿಕ ಹಿತಕ್ಕಾಗಿ ಸಹಿಸಿಕೊಳ್ಳಬಹುದೆಂದು ಆರು ಮಂದಿ ನ್ಯಾಯಾಧೀಶರು ಹೇಳಿದರು; ಮೂವರು ಒಪ್ಪಲಿಲ್ಲ. ಮೂರನೆಯದು 2000ನೆಯ ಇಸವಿಯದು. ಇಂಡಿಯಾನಪೊಲಿಸ್ ನಗರದವರು ಮಾದಕ ವಸ್ತುಗಳನ್ನು ಹುಡುಕುವ ಉದ್ದೇಶದಿಂದ 1998ರಲ್ಲಿ ಆರು ಕಟ್ಟೆಗಳನ್ನು ಹಾಕಿ 1,161 ಗಾಡಿಗಳನ್ನು ನಿಲ್ಲಿಸಿದ್ದರು. 104 ಮಂದಿ ಸಿಕ್ಕಿದರು. ಮಿಷಿಗನ್ನಿನ ಲೆಕ್ಕಕ್ಕಿಂತ ಈ ಲೆಕ್ಕ ಬಹಳ ಹೆಚ್ಚಿನದಾದರೂ ನ್ಯಾಯಾಲಯವು ಈ ಕಟ್ಟೆಗಳನ್ನು ಅಕ್ರಮವೆಂದಿತು. ದಾರಿಯ ಸುರಕ್ಷಿತತೆಗಾಗಿ ಕಟ್ಟೆಯನ್ನು ಹಾಕಬಹುದು, ಸಾಮಾನ್ಯವಾದ ಅಪರಾಧಶೋಧನೆಗಾಗಿ ಹಾಕಕೂಡದು ಎಂಬುದು ನ್ಯಾಯಾಧೀಶೆ ಓಕಾನರ್ ಅವರು ಬರೆದ ಆ ತೀರ್ಪಿನ ತತ್ತ್ವ.

ಈ ಮೂರನ್ನೂ ಒಟ್ಟಿಗೆ ನೋಡಿದರೆ ಎರಡು ಆಧಾರಗಳು ತೋರುತ್ತವೆ. ಕಟ್ಟೆಯ ಉದ್ದೇಶವು ದಾರಿಯ ಸುರಕ್ಷಿತತೆಯಾಗಿರಬೇಕೆಂಬುದು ಒಂದು. ಅದರ ಭಾರವು ದಾರಿಯವರೆಲ್ಲರ ಮೇಲೂ ಸಮನಾಗಿ ಬೀಳಬೇಕೆಂಬುದು ಇನ್ನೊಂದು. ಮೊದಲನೆಯದನ್ನು ನ್ಯಾಯಾಲಯವು ಸ್ಪಷ್ಟವಾಗಿ ನಿಯಮದ ರೂಪಕ್ಕೆ ತಂದಿತು. ಎರಡನೆಯದು ಮೊದಲಿನಿಂದಲೂ ಒಳಗೆ ಅಡಗಿದ್ದು, ನಿಯಮವಾಗಿ ಹೊರಬರಲಿಲ್ಲ. ಮೋಟಾರು ಸೈಕಲ್ ಸವಾರರ ಪಾಲಿಗೆ ಈ ಕೊರತೆಯೇ ಮುಳ್ಳಾಯಿತು.

ಇಷ್ಟಕ್ಕೂ ಅವರನ್ನೇ ಏಕೆ ಆರಿಸಿಕೊಂಡರು ಎಂದು ಕೇಳಬಹುದು. ಸರ್ಕಾರದವರ ಪರವಾಗಿಯೂ ಬಲವಾದ ಕಾರಣವಿತ್ತೆಂಬುದನ್ನು ನಿಷ್ಪಕ್ಷಪಾತಿಯಾದ ಚರಿತ್ರಕಾರನು ಮರೆಮಾಚಕೂಡದು. 1997ರಲ್ಲಿ ಆ ದೇಶದ ದಾರಿಗಳಲ್ಲಿ ಮಡಿದ ಮೋಟಾರು ಸೈಕಲ್ಲಿನವರ ಸಂಖ್ಯೆ 2,116 ಆಗಿತ್ತು. 2008ರ ಹೊತ್ತಿಗೆ ಅದು 5,300ನ್ನು ದಾಟಿತು. ಅದೇ ಅವಧಿಯಲ್ಲಿ ದಾರಿಯ ಅಪಘಾತಗಳಲ್ಲಿ ಸತ್ತವರ ಒಟ್ಟು ಸಂಖ್ಯೆ ಇಳಿದಿತ್ತು. ಕಾರಿನವರು ಉಳಿದುಕೊಳ್ಳುತ್ತಿದ್ದಾಗ ಸವಾರರು ಹೆಚ್ಚುಹೆಚ್ಚಾಗಿ ಸಾಯುತ್ತಿದ್ದರು. ಶಿರಸ್ತ್ರಾಣವನ್ನು ಧರಿಸುವುದರಿಂದ ಸವಾರನು ಸಾಯುವ ಸಂಭವವು ನೂರಕ್ಕೆ 37ರಷ್ಟು ತಗ್ಗುತ್ತದೆಂದು ಸುರಕ್ಷಿತತೆಯ ಇಲಾಖೆಯವರು ಲೆಕ್ಕಹಾಕಿದ್ದಾರೆ. ಹೀಗಿರುವಾಗ ಕೈಕಟ್ಟಿ ಕುಳಿತಿದ್ದರೆ ಅಧಿಕಾರಿಗಳು ಕರ್ತವ್ಯಲೋಪಕ್ಕೆ ಗುರಿಯಾಗುತ್ತಿದ್ದರು.

ಆದರೆ ಇನ್ನೊಂದು ಕಾರಣವೂ ಬಹುಕಾಲದಿಂದ ಬೆಳೆದುಬಂದಿತ್ತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಊರಿಗೆ ಹಿಂದಿರುಗಿದ ಸೈನಿಕರಲ್ಲಿ ಕೆಲವರು ಮೋಟಾರು ಸೈಕಲ್ ಕೂಟಗಳನ್ನು ಕಟ್ಟಿಕೊಂಡರು. 1947ರ ಜುಲೈ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ಹಾಲಿಸ್ಟರ್ ಎಂಬ ಚಿಕ್ಕ ಊರಿನಲ್ಲಿ ಇಂತಹ ಸವಾರರು ಸಾವಿರಗಟ್ಟಲೆ ನೆರೆದಾಗ ಕುಡಿತವೂ ಗದ್ದಲವೂ ನಡೆದುವು. ಒಂದು ಹೆಸರಾಂತ ಸಚಿತ್ರಪತ್ರಿಕೆಯು, ಬೀರಿನ ಸೀಸೆಗಳ ನಡುವೆ ಮೋಟಾರು ಸೈಕಲ್ಲಿನ ಮೇಲೆ ಒರಗಿ ಕುಳಿತವನೊಬ್ಬನ ಚಿತ್ರವನ್ನು ಪುಟದ ತುಂಬ ಅಚ್ಚುಹಾಕಿತು. 1953ರಲ್ಲಿ ಮಾರ್ಲನ್ ಬ್ರಾಂಡೋ ನಟಿಸಿದ ಚಲಚ್ಚಿತ್ರವು ಅದೇ ಕಥೆಗೆ ಬಣ್ಣ ಕಟ್ಟಿ ಲೋಕಕ್ಕೆಲ್ಲ ತೋರಿಸಿತು. ಅಂದಿನಿಂದ ಕಪ್ಪು ತೊಗಲಿನ ಅಂಗಿಯೂ ಎರಡು ಚಕ್ರದ ವಾಹನವೂ ಪುಂಡತನದ ಗುರುತೆಂಬ ಭಾವನೆ ಜನರಲ್ಲಿ ನೆಲೆಯೂರಿತು. ಕೂಟಗಳಲ್ಲಿ ಕೆಲವು ನಿಜವಾಗಿಯೂ ದುಷ್ಕೃತ್ಯಗಳಲ್ಲಿ ತೊಡಗಿದ್ದುವೆಂಬುದು ಸುಳ್ಳಲ್ಲ. ಆದರೆ ಕೆಲವರ ದೋಷವು ಒಂದು ಗುರುತಿನ ಮೂಲಕ ಎಲ್ಲರಿಗೂ ಅಂಟಿಕೊಂಡಿತು. ಶನಿವಾರ ಮಧ್ಯಾಹ್ನ ಗಾಳಿಸವಾರಿಗೆ ಹೊರಟ ಗುಮಾಸ್ತನೂ ಉಪಾಧ್ಯಾಯನೂ ಪೋಲೀಸರ ಕಣ್ಣಿಗೆ ಅದೇ ಗುರುತಿನವರಾಗಿ ಕಂಡರು.

ಈ ಸವಾರರು ರಾಜಕಾರಣಕ್ಕೆ ಹೊಸಬರಾಗಿರಲಿಲ್ಲ. 1966ರಲ್ಲಿ ಸಂಯುಕ್ತ ಸರ್ಕಾರವು ಹೆದ್ದಾರಿಯ ಸುರಕ್ಷಿತತೆಯ ಶಾಸನವನ್ನು ಮಾಡಿ, ಶಿರಸ್ತ್ರಾಣವನ್ನು ಕಡ್ಡಾಯಗೊಳಿಸದ ಸಂಸ್ಥಾನಗಳಿಗೆ ರಸ್ತೆಯ ಹಣದಲ್ಲಿ ಒಂದು ಭಾಗವನ್ನು ತಡೆಹಿಡಿಯಬಹುದೆಂದು ವಿಧಿಸಿತು. ಹಣದ ಅಂಜಿಕೆಯಿಂದ 1975ರ ವೇಳೆಗೆ 50 ಸಂಸ್ಥಾನಗಳಲ್ಲಿ 47 ಈ ನಿಯಮಕ್ಕೆ ಒಳಪಟ್ಟುವು. ಆಗ ಸವಾರರು ಎಚ್ಚತ್ತರು. 1970ರ ದಶಕದ ಮೊದಲಲ್ಲಿ ಅವರದೊಂದು ಪತ್ರಿಕೆಯ ಸಂಪಾದಕರು ಏಬೇಟ್ ಎಂಬ ಸಂಘವನ್ನು ಹುಟ್ಟುಹಾಕಿದರು. ನಿರಂಕುಶ ಶಾಸನಗಳನ್ನು ವಿರೋಧಿಸುವ ಸೋದರಕೂಟವೆಂದು ಆ ಹೆಸರಿನ ಮೊದಲ ಅರ್ಥ. 1924ರಲ್ಲಿಯೇ ಸ್ಥಾಪಿತವಾಗಿದ್ದ ಅಮೆರಿಕಾದ ಮೋಟಾರು ಸೈಕಲ್ ಸಂಘವೂ ಈ ಕಾರ್ಯಕ್ಕೆ ಕೈಗೂಡಿಸಿತು. ಸವಾರರು ಕಾಗದಗಳನ್ನು ಬರೆದರು, ರಾಜಧಾನಿಗಳಿಗೆ ಮೆರವಣಿಗೆಯಾಗಿ ಹೋದರು, ಪ್ರತಿನಿಧಿಗಳ ಬಾಗಿಲನ್ನು ತಟ್ಟಿದರು. 1976ರಲ್ಲಿ ಕಾಂಗ್ರೆಸ್ ಸಭೆಯು ಹಣ ತಡೆಯುವ ಅಧಿಕಾರವನ್ನು ಹಿಂದಕ್ಕೆ ತೆಗೆದುಕೊಂಡಿತು. ಕೆಲವೇ ವರ್ಷಗಳಲ್ಲಿ ಅನೇಕ ಸಂಸ್ಥಾನಗಳು ಶಿರಸ್ತ್ರಾಣದ ನಿಯಮವನ್ನು ರದ್ದುಗೊಳಿಸಿದುವು ಇಲ್ಲವೆ ಸಡಿಲಿಸಿದುವು. ಇದರಿಂದ ಪ್ರಾಣಹಾನಿ ಹೆಚ್ಚಿತೆಂಬುದು ನಮ್ಮ ದೃಷ್ಟಿಯಲ್ಲಿ ವ್ಯಸನದ ಸಂಗತಿ. ಆದರೆ ಸರ್ಕಾರದ ಹಣವು ಯಾವ ಕಾಲುವೆಯಲ್ಲಿ ಹರಿಯುತ್ತದೆಯೋ ಅಲ್ಲಿಯೇ ಒಡ್ಡು ಹಾಕಬೇಕೆಂಬ ಪಾಠವನ್ನು ಸವಾರರು ಈ ಹೋರಾಟದಲ್ಲಿ ಕಲಿತರು. ಆ ಪಾಠವು ಮುಂದೆ ಉಪಯೋಗಕ್ಕೆ ಬಂತು.

ದಾರಿಹೋಕರು ಸಂಘ ಕಟ್ಟಿಕೊಂಡು ಪೋಲೀಸರನ್ನು ಎದುರಿಸಿದ್ದು ಇದಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ನಡೆದಿತ್ತು. ಅದನ್ನು ಇದರೊಡನೆ ಹೋಲಿಸಿ ನೋಡುವುದು ಉಚಿತ. ಅಲ್ಲಿ 1903ರ ಶಾಸನವು ಮೋಟಾರು ಕಾರುಗಳಿಗೆ ಗಂಟೆಗೆ 20 ಮೈಲಿಯ ಮಿತಿಯನ್ನು ವಿಧಿಸಿತ್ತು. ಪೋಲೀಸರು ಬೇಲಿಗಳ ಮರೆಯಲ್ಲಿ ಗಡಿಯಾರವನ್ನು ಹಿಡಿದು ಕುಳಿತು ವೇಗವನ್ನು ಲೆಕ್ಕಹಾಕುತ್ತಿದ್ದರು. 1905ರಲ್ಲಿ ಕಾರಿನವರು ಆಟೋಮೊಬೈಲ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿ, ಬೈಸಿಕಲ್ಲಿನ ಮೇಲೆ ಕಾವಲುಗಾರರನ್ನು ಕಳುಹಿಸಿ, ಮುಂದೆ ಪೋಲೀಸರು ಹೊಂಚಿರುವರೆಂದು ಸದಸ್ಯರಿಗೆ ಎಚ್ಚರಿಕೆ ಕೊಡಿಸಿದರು. 1909-10ರಲ್ಲಿ ಇದು ಪೋಲೀಸರ ಕರ್ತವ್ಯಕ್ಕೆ ಅಡ್ಡಿಯೆಂದು ನ್ಯಾಯಸ್ಥಾನವು ತೀರ್ಮಾನಿಸಿತು. ಕೂಡಲೇ ಸಂಘದವರು ಉಪಾಯವನ್ನು ತಿರುಗಿಸಿದರು. ಕಾವಲುಗಾರನು ಸದಸ್ಯರಿಗೆ ಸಲಾಮು ಮಾಡುವುದು ವಾಡಿಕೆ. ಅವನು ಸಲಾಮು ಮಾಡದಿದ್ದರೆ ಕಾರನ್ನು ನಿಲ್ಲಿಸಿ ಏಕೆಂದು ಕೇಳಬೇಕು. ಸಲಾಮು ಮಾಡದಿದ್ದುದನ್ನು ಅಪರಾಧವೆನ್ನುವುದು ಯಾವ ನ್ಯಾಯಾಧೀಶನಿಗೂ ಸಾಧ್ಯವಿರಲಿಲ್ಲ. ಕಥೆ ನಗೆ ತರಿಸುತ್ತದೆ, ನಿಜ. ಆದರೆ ಅಲ್ಲಿ ಕಾರಿನವರು ಮಾಡಿದ್ದು ನಿಯಮವನ್ನು ಮೀರಿಯೂ ಸಿಕ್ಕಿಬೀಳದಿರುವ ಯತ್ನ. ಅಮೆರಿಕಾದ ಸವಾರರ ದೂರಾದರೋ ನಿಯಮವನ್ನು ಮೀರದವನನ್ನೂ ಹಿಡಿಯುತ್ತಾರೆಂಬುದು. ಈ ಎರಡರ ಅಂತರವನ್ನು ಮರೆತರೆ ಮುಂದಿನ ಕಥೆಯ ಬೆಲೆ ತಿಳಿಯದು.

ಈಗ ಮತ್ತೆ ನ್ಯೂಯಾರ್ಕಿಗೆ ಬರೋಣ. ಕಟ್ಟೆಯಲ್ಲಿ ನಿಲ್ಲಿಸಲ್ಪಟ್ಟ ಕೆಲವರು ಸವಾರರು ಅಲ್ಲಿಯ ಪೋಲೀಸ್ ಅಧಿಕಾರಿಗಳ ಮೇಲೆ ಸಂಯುಕ್ತ ನ್ಯಾಯಸ್ಥಾನದಲ್ಲಿ ದಾವೆಯನ್ನು ಹೂಡಿದರು. ತಪ್ಪು ಮಾಡಿದ ಸೂಚನೆಯೇ ಇಲ್ಲದವರನ್ನು ವಾಹನದ ಜಾತಿಯೊಂದನ್ನೇ ನೋಡಿ ತಡೆದುದು ನಾಲ್ಕನೆಯ ತಿದ್ದುಪಡಿಗೆ ವಿರುದ್ಧವೆಂದು ಅವರ ವಾದ. ಕಟ್ಟೆಯ ಮುಖ್ಯೋದ್ದೇಶವು ಸವಾರರ ಸುರಕ್ಷಿತತೆಯೇ ಹೊರತು ಅಪರಾಧಶೋಧನೆಯಲ್ಲವೆಂದು ಸಂಸ್ಥಾನದವರು ಪ್ರತಿವಾದ ಮಾಡಿದರು. 2011ರಲ್ಲಿ ನ್ಯಾಯಸ್ಥಾನವು ಸಂಸ್ಥಾನದ ಪಕ್ಷವನ್ನು ಎತ್ತಿಹಿಡಿಯಿತು. 2012ರಲ್ಲಿ ಅಪೀಲಿನ ನ್ಯಾಯಾಲಯವೂ ಅದನ್ನೇ ಸ್ಥಿರಪಡಿಸಿತು. ಉದ್ದೇಶವು ಸುರಕ್ಷಿತತೆಯೆಂದು ಸಿದ್ಧವಾದ ಬಳಿಕ, ತೊಂದರೆ ಅಲ್ಪವೆಂದು ಕಂಡ ಬಳಿಕ, ಹಿಂದಿನ ತೀರ್ಮಾನಗಳ ಅಳತೆಗೋಲಿನಿಂದ ಅಳೆದ ನ್ಯಾಯಾಧೀಶರಿಗೆ ಬೇರೆ ದಾರಿ ಕಾಣಲಿಲ್ಲ. ಭಾರವು ಎಲ್ಲರ ಮೇಲೂ ಸಮನಾಗಿ ಬೀಳಬೇಕೆಂಬ ಮಾತು ಆ ಅಳತೆಗೋಲಿನಲ್ಲಿ ಗೀಟಾಗಿ ಮೂಡಿರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಅದನ್ನು ಬರೆಯುವ ಶ್ರಮವನ್ನು ನಾವು ತೆಗೆದುಕೊಳ್ಳುತ್ತಿರಲಿಲ್ಲ. ಸವಾರರು ನ್ಯಾಯಸ್ಥಾನದ ಮೆಟ್ಟಿಲನ್ನು ಇಳಿಯುವುದಕ್ಕೆ ಮುಂಚೆಯೇ ಶಾಸನಸಭೆಯ ಮೆಟ್ಟಿಲನ್ನು ಹತ್ತಿದ್ದರು. 2011ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಸಭೆಯು ಒಂದು ಶಾಸನವನ್ನು ಮಾಡಿತು. ಒಬ್ಬನು ಮೋಟಾರು ಸೈಕಲ್ಲನ್ನು ಓಡಿಸುತ್ತಾನೆ ಅಥವಾ ಸವಾರರ ಉಡುಪನ್ನು ತೊಟ್ಟಿದ್ದಾನೆ ಎಂಬ ಸಂಗತಿಯನ್ನು, ಅವನ ಮೇಲೆ ಪ್ರತ್ಯೇಕವಾದ ಅನುಮಾನವಿಲ್ಲದೆ, ನಿಲ್ಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಕಾರಣವಾಗಿ ಬಳಸಕೂಡದೆಂದು ಅದರ ಸಾರಾಂಶ. ಪೋಲೀಸರ ಶಿಕ್ಷಣದಲ್ಲಿಯೂ ಈ ವಿಷಯವನ್ನು ಸೇರಿಸಬೇಕೆಂದು ವಿಧಿಸಲಾಯಿತು. ಕ್ಯಾಲಿಫೋರ್ನಿಯದಲ್ಲಿ 2012ರಲ್ಲಿ ಗವರ್ನರ್ ಜೆರಿ ಬ್ರೌನ್ ಅವರ ಅಂಕಿತವನ್ನು ಪಡೆದ ಶಾಸನವು ಮೋಟಾರು ಸೈಕಲ್ಲಿಗೆ ಮಾತ್ರವೆಂದು ಕಟ್ಟೆ ಹಾಕುವುದನ್ನು ನಿಷೇಧಿಸಿತು. ಅದು 2013ರ ಜನವರಿ 1ರಿಂದ ಜಾರಿಗೆ ಬಂತು. ವರ್ಜೀನಿಯ, ಉತ್ತರ ಕ್ಯಾರೊಲೈನ, ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನಗಳೂ ಇದೇ ಹಾದಿಯನ್ನು ಹಿಡಿದುವು. ರಾಜಕೀಯ ಪಕ್ಷಗಳ ಒಲವು ಆ ಸಂಸ್ಥಾನಗಳಲ್ಲಿ ಒಂದೇ ತೆರನಾಗಿರಲಿಲ್ಲ. ಇದು ಯಾವುದೊಂದು ಪಕ್ಷದ ಕೂಗಾಗಿ ಉಳಿಯದೆ ಎರಡು ಪಕ್ಷಗಳವರ ಮನಸ್ಸಿಗೂ ಹಿಡಿದುದೇ ಇದರ ಜಯಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ.

ಹಣದ ಕಾಲುವೆಗೆ ಒಡ್ಡು ಹಾಕುವ ಕೆಲಸವು ಇನ್ನೂ ಉಳಿದಿತ್ತು. ಹಾರ್ಲೆ-ಡೇವಿಡ್‌ಸನ್ ಮೋಟಾರು ಸೈಕಲ್ಲುಗಳ ತವರೂರಾದ ಮಿಲ್ವಾಕಿ ನಗರವಿರುವ ವಿಸ್ಕಾನ್ಸಿನ್ ಸಂಸ್ಥಾನದ ಪ್ರತಿನಿಧಿ ಜಿಮ್ ಸೆನ್ಸೆನ್‌ಬ್ರೆನರ್ ಅವರು 2011ರಲ್ಲಿ ಕಾಂಗ್ರೆಸ್ ಸಭೆಯ ಮುಂದೆ ಒಂದು ಮಸೂದೆಯನ್ನು ತಂದರು. ಶಿರಸ್ತ್ರಾಣವನ್ನು ಪರೀಕ್ಷಿಸುವುದಕ್ಕಾಗಲಿ ಸವಾರರಿಗಾಗಿ ಕಟ್ಟೆ ಹಾಕುವುದಕ್ಕಾಗಲಿ ಸಂಯುಕ್ತ ಸರ್ಕಾರದ ಬೊಕ್ಕಸದಿಂದ ಹಣ ಕೊಡಕೂಡದೆಂದು ಅದರ ತಾತ್ಪರ್ಯ. ಮಸೂದೆಯು ಆ ವರ್ಷ ಮುಂದುವರಿಯಲಿಲ್ಲ. ಸವಾರರ ಸಂಘಗಳು ಬೇಸರಪಡದೆ ವರ್ಷವರ್ಷವೂ ಪ್ರತಿನಿಧಿಗಳಿಗೆ ಬಿನ್ನಹಗಳನ್ನು ಕಳುಹಿಸಿದುವು. ಕಡೆಗೆ 2015ರಲ್ಲಿ ದೇಶದ ಹೆದ್ದಾರಿಗಳಿಗೂ ಸಾಗಣೆಗೂ ಐದು ವರ್ಷಗಳ ಕಾಲ ಸುಮಾರು 30,500 ಕೋಟಿ ಡಾಲರುಗಳನ್ನು ಒದಗಿಸತಕ್ಕ ಮಹಾಶಾಸನವೊಂದು ಸಿದ್ಧವಾದಾಗ, ಆ ನಿಷೇಧವನ್ನು ಒಂದು ಚಿಕ್ಕ ಪ್ರಕರಣವಾಗಿ ಅದರೊಳಗೆ ಸೇರಿಸಲಾಯಿತು. ರಾಷ್ಟ್ರಾಧ್ಯಕ್ಷ ಒಬಾಮ ಅವರು ಅದೇ ಡಿಸೆಂಬರ್ 4ರಂದು ಅದಕ್ಕೆ ಅಂಕಿತ ಹಾಕಿದರು. ಅಷ್ಟು ದೊಡ್ಡ ಗ್ರಂಥದಲ್ಲಿ ಕೆಲವೇ ಸಾಲುಗಳು. ಆದರೆ ಜಾರ್ಜಿಯದ ಕಟ್ಟೆಗೆ ಹೋದಂತಹ ಹಣವು ಆ ಸಾಲುಗಳಿಂದ ನಿಂತಿತು. 2018ರ ಡಿಸೆಂಬರಿನಲ್ಲಿ ಸೆನೆಟ್ ಸಭೆಯು ಸವಾರರನ್ನು ಗುರುತು ನೋಡಿ ಪೀಡಿಸುವುದು ಸಲ್ಲದೆಂಬ ಅಭಿಪ್ರಾಯದ ಗೊತ್ತುವಳಿಯನ್ನೂ ಅಂಗೀಕರಿಸಿತು.

ಈ ಗೆಲುವಿನ ಎಲ್ಲೆಯನ್ನೂ ಹೇಳಿಬಿಡಬೇಕು. ಸಂಯುಕ್ತ ಶಾಸನವು ನಿಲ್ಲಿಸಿದ್ದು ಹಣವನ್ನು. ಸಂಸ್ಥಾನವೊಂದು ತನ್ನ ಸ್ವಂತ ವೆಚ್ಚದಿಂದ ಅಂತಹ ಕಟ್ಟೆಯನ್ನು ಹಾಕುವುದಾದರೆ ಅದನ್ನು ತಡೆಯುವ ಅಧಿಕಾರವು ಅದಕ್ಕಿರಲಿಲ್ಲ. ಸೆನೆಟ್ಟಿನ ಗೊತ್ತುವಳಿಗೆ ಕಾನೂನಿನ ಬಲವಿಲ್ಲ. ನ್ಯೂಯಾರ್ಕಿನ ತೀರ್ಪನ್ನು ಇವು ಯಾವುವೂ ಅಳಿಸಲಿಲ್ಲ. ಸವಾರರು ಶಿರಸ್ತ್ರಾಣದ ನಿಯಮವನ್ನು ವಿರೋಧಿಸುವ ಹಳೆಯ ಹಟವನ್ನು ಕಟ್ಟೆಯ ಹೋರಾಟದೊಡನೆ ಬೆರೆಸಿದುದರಿಂದ, ನ್ಯಾಯವಾದ ದೂರಿಗೂ ಸ್ವಲ್ಪ ಕಳಂಕ ತಗುಲಿತೆಂದು ನಮಗೆ ತೋರುತ್ತದೆ. ತಲೆಯನ್ನು ಕಾಪಾಡಿಕೊಳ್ಳೆಂದು ಹೇಳುವ ಸರ್ಕಾರ ಬೇರೆ, ತಪ್ಪಿಲ್ಲದವನ ದಾರಿಯನ್ನು ಕಟ್ಟುವ ಸರ್ಕಾರ ಬೇರೆ. ಸಂಘಗಳ ಭಾಷಣಗಳಲ್ಲಿ ಈ ವಿವೇಚನೆ ಯಾವಾಗಲೂ ಕಾಣಿಸುತ್ತಿರಲಿಲ್ಲ.

ಹೀಗಿದ್ದರೂ ಅವರ ದೂರಿನ ತಿರುಳು ಗಟ್ಟಿಯಾದುದು. ಅದನ್ನು ಅವರಿಗಿಂತ ಮೊದಲು, ಅವರಿಗಿಂತ ಚೆನ್ನಾಗಿ ತಿಳಿಸಿದವರು 1949ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದ ರಾಬರ್ಟ್ ಜಾಕ್ಸನ್ ಅವರು. ನ್ಯೂಯಾರ್ಕ್ ನಗರದ ಲಾರಿಗಳ ಮೇಲೆ ಜಾಹೀರಾತು ಅಂಟಿಸುವುದಕ್ಕೆ ಸಂಬಂಧಿಸಿದ ಒಂದು ಸಣ್ಣ ವ್ಯಾಜ್ಯ ಅದು. ಅಲ್ಲಿ ಅವರು ತಮ್ಮ ಪ್ರತ್ಯೇಕವಾದ ತೀರ್ಪಿನಲ್ಲಿ ಹೇಳಿದ ತತ್ತ್ವವು ಹೀಗಿದೆ: ಅಧಿಕಾರಿಗಳು ಅಲ್ಪಸಂಖ್ಯಾತರ ಮೇಲೆ ಹೇರಬಯಸುವ ನಿಯಮವನ್ನು ಎಲ್ಲರ ಮೇಲೂ ಹೇರಬೇಕೆಂದು ಕಟ್ಟುಮಾಡುವುದಕ್ಕಿಂತ ಪರಿಣಾಮಕಾರಿಯಾದ ರಕ್ಷೆ ಸ್ವೇಚ್ಛಾಧಿಕಾರದ ವಿರುದ್ಧ ಮತ್ತೊಂದಿಲ್ಲ, ಕೆಲವರನ್ನು ಮಾತ್ರ ಆರಿಸಿಕೊಂಡು ನಿಯಮ ಮಾಡುವ ಅವಕಾಶವಿದ್ದರೆ, ಬಹುಜನರ ಕೋಪದಿಂದ ತಮಗೆ ಒದಗಬಹುದಾದ ದಂಡನೆಯಿಂದ ಅಧಿಕಾರಿಗಳು ಪಾರಾಗುತ್ತಾರೆ.

ಈ ಮಾತನ್ನು ಕಟ್ಟೆಗೆ ಅನ್ವಯಿಸಿ ನೋಡೋಣ. ಹೆದ್ದಾರಿಯಲ್ಲಿ ಎಲ್ಲ ಗಾಡಿಗಳನ್ನೂ ನಿಲ್ಲಿಸಿದರೆ ಮಂತ್ರಿಯ ಬಂಧುವೂ ನಿಲ್ಲಬೇಕು, ಪತ್ರಿಕೆಯ ಸಂಪಾದಕನೂ ನಿಲ್ಲಬೇಕು, ಕೂಸನ್ನು ವೈದ್ಯರ ಬಳಿಗೆ ಕರೆದೊಯ್ಯುವ ತಾಯಿಯೂ ನಿಲ್ಲಬೇಕು. ಕಟ್ಟೆಯು ನಿಷ್ಪ್ರಯೋಜಕವಾಗಿದ್ದರೆ ಆ ಮಾತು ಮರುದಿನವೇ ಸರ್ಕಾರದ ಕಿವಿಗೆ ಬೀಳುತ್ತದೆ. ಪ್ರಯೋಜನಕರವಾಗಿದ್ದರೆ ನಿಂತವರೆಲ್ಲರೂ ಅದನ್ನು ಒಪ್ಪಿಕೊಳ್ಳುತ್ತಾರೆ. ಒಂದು ಗುಂಪನ್ನು ಮಾತ್ರ ನಿಲ್ಲಿಸಿದಾಗ ಈ ಪರೀಕ್ಷೆ ತಪ್ಪಿಹೋಗುತ್ತದೆ. ನಿಂತವರ ಗೊಣಗನ್ನು ಕೇಳುವವರಿಲ್ಲ. ಹಾದುಹೋದವರಿಗೆ ಕಟ್ಟೆ ಇದ್ದುದೇ ತಿಳಿಯದು. ಮಿಷಿಗನ್ನಿನಲ್ಲಿ 25 ಸೆಕೆಂಡುಗಳ ತಡೆಯನ್ನು ನ್ಯಾಯಾಧೀಶರು ಅಲ್ಪವೆಂದರು. ಎಲ್ಲರೂ ಕಳೆದುಕೊಂಡ 25 ಸೆಕೆಂಡು ಅಲ್ಪವೇ ಸರಿ. ನನ್ನನ್ನೊಬ್ಬನನ್ನೇ ಆರಿಸಿ ನಿಲ್ಲಿಸಿದ 25 ಸೆಕೆಂಡುಗಳಲ್ಲಿ ಕಾಲಹರಣಕ್ಕಿಂತ ಹೆಚ್ಚಿನದು ಏನೋ ಇದೆ. ಅದನ್ನು ಗಡಿಯಾರದಿಂದ ಅಳೆಯಲಾಗದು.

ನಮ್ಮ ನಾಡಿನಲ್ಲಿಯೂ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದುದುಂಟು. ನಮ್ಮ 1988ರ ಮೋಟಾರು ವಾಹನಗಳ ಶಾಸನದ 130ನೆಯ ಪ್ರಕರಣವು, ಸಮವಸ್ತ್ರವನ್ನು ಧರಿಸಿದ ಪೋಲೀಸ್ ಅಧಿಕಾರಿ ಕೇಳಿದಾಗ ಚಾಲಕನು ಲೈಸೆನ್ಸನ್ನು ತೋರಿಸತಕ್ಕದ್ದೆಂದು ಹೇಳುತ್ತದೆ. ಕೇಳುವುದಕ್ಕೆ ಅನುಮಾನವಿರಬೇಕೆಂಬ ನಿರ್ಬಂಧವನ್ನು ಅದರಲ್ಲಿ ಬರೆದಿಲ್ಲ. ಸ್ಕೂಟರಿನ ಮೇಲೆ ಆಫೀಸಿಗೆ ಹೊರಟ ಗೃಹಸ್ಥನು ತಿರುವಿನಲ್ಲಿ ಮರದ ನೆರಳಿನಿಂದ ಚಾಚಿದ ಕೈಯನ್ನು ಕಂಡು ಎದೆ ಝಲ್ಲೆನ್ನಿಸಿಕೊಂಡ ಅನುಭವವು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿಗೆ ಇದ್ದೀತು. 2022ರ ಜೂನ್ ತಿಂಗಳಿನಲ್ಲಿ ಕರ್ನಾಟಕದ ಅಂದಿನ ಪೋಲೀಸ್ ಮಹಾನಿರ್ದೇಶಕರಾಗಿದ್ದ ಪ್ರವೀಣ್ ಸೂದ್ ಅವರು, ಬರಿಗಣ್ಣಿಗೆ ಕಾಣುವ ನಿಯಮಭಂಗವಿಲ್ಲದೆ ಕೇವಲ ಕಾಗದಪತ್ರಗಳನ್ನು ನೋಡುವುದಕ್ಕಾಗಿ ಯಾವ ವಾಹನವನ್ನೂ ನಿಲ್ಲಿಸಕೂಡದೆಂದೂ, ಕುಡಿದು ಓಡಿಸುವವರ ತಪಾಸಣೆಯೊಂದಕ್ಕೆ ಮಾತ್ರ ಇದು ಅನ್ವಯಿಸದೆಂದೂ ಬಹಿರಂಗವಾಗಿ ಸೂಚಿಸಿದರು. ಡೆಲವೇರಿನ ಕಾರಿನ ವಿಷಯದಲ್ಲಿ 1979ರ ತೀರ್ಪು ಹೇಳಿದ ಮಾತಿಗೂ, ಈ ಸೂಚನೆಗೂ ಇರುವ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಅದು ರಾಜ್ಯಾಂಗದ ಅರ್ಥವೆಂದು ನಿಂತಿತು. ಇಲ್ಲಿ ಅದು ಒಬ್ಬ ಹಿರಿಯ ಅಧಿಕಾರಿಯ ವಿವೇಕವಾಗಿ ಬಂತು. ಅಧಿಕಾರಿಯ ವಿವೇಕವು ಶ್ಲಾಘ್ಯವೇ. ಅಧಿಕಾರಿಗಳು ಬದಲಾಗುತ್ತಾರೆಂಬುದನ್ನು ಮಾತ್ರ ಮರೆಯಕೂಡದು.

ಬಾಸ್ಟನ್ನಿನಲ್ಲಿ ಓಟಿಸನು ಸೋತ ದಿನ, ಅವನ ವಾದವು ಮೂವತ್ತು ವರ್ಷಗಳ ಮೇಲೆ ರಾಜ್ಯಾಂಗದ ಸಾಲಾದೀತೆಂದು ನ್ಯಾಯಸ್ಥಾನದಲ್ಲಿ ಕುಳಿತಿದ್ದವರಲ್ಲಿ ಎಷ್ಟು ಮಂದಿ ಊಹಿಸಿದ್ದರು? ನ್ಯೂಯಾರ್ಕಿನ ಸವಾರರೂ ಸೋತೇ ಮನೆಗೆ ಹಿಂದಿರುಗಿದರು. ಅವರು ತಮ್ಮ ದುಃಖವನ್ನು ಕಟ್ಟೆಯವನ ಮುಂದೆ ಹೇಳಿಕೊಳ್ಳುತ್ತ ನಿಂತಿದ್ದರೆ ನಮ್ಮ ಗಾದೆಯೇ ನಿಜವಾಗುತ್ತಿತ್ತು. ಕಟ್ಟೆಯನ್ನು ಕಟ್ಟಿಸಿದವರು ಯಾರು, ಅದಕ್ಕೆ ಹಣ ಕೊಟ್ಟವರು ಯಾರು ಎಂದು ವಿಚಾರಿಸಿಕೊಂಡು ಅವರು ಆ ಬಾಗಿಲಿಗೆ ಹೋದರು. ಅಲ್ಲಿ ತಮ್ಮನ್ನು ಬಿಟ್ಟುಬಿಡಿರೆಂದು ಅಂಗಲಾಚದೆ, ನಿಲ್ಲಿಸುವುದಾದರೆ ಎಲ್ಲರನ್ನೂ ನಿಲ್ಲಿಸಿರೆಂದು ಕೇಳಿದರು. ಆ ಕೋರಿಕೆಗೆ ಇಲ್ಲವೆನ್ನುವುದು ಎರಡು ಪಕ್ಷಗಳವರಿಗೂ ಕಷ್ಟವಾಯಿತು.